ಇಳಿಜಾರು ನೆಲದ ಮೇಲಿನ ಹಾರಾಟ

ಹಿಂಬದಿಯ ಕೋಣೆ, ಕಿಟಕಿಯ ಪಕ್ಕ
ಬುಧವಾರ, ಇಳಿಹೊತ್ತು

ಪ್ರೀತಿಯ ಮಗಳೇ,

ಅಲ್ಲ, ನಿನ್ನೆ ನನ್ನ ಮಾತು ಇನ್ನೂ ಅರ್ಧದಲ್ಲಿತ್ತು, ಅಷ್ಟರಲ್ಲೇ ನೀನು ಮುನಿಸಿಕೊಂಡು ಫೋನ್ ಇಟ್ಟುಬಿಟ್ಟೆ. ಅದಿರಲಿ, ಗಂಟಲು ಈಗ ಹೇಗಿದೆ? ಹಾಸ್ಟೆಲಿನ ಮಂಚ ಬೆನ್ನಿಗೆ ಒಗ್ಗಿತೇ? ತೀರಾ ಸೊರಗಿದ್ದೀಯೆಂದು ನಿನ್ನ ಗಂಡ ಹೇಳಿದ. ಎಕ್ಸ್‌ರೇ ಯಂತ್ರದ ತರಬೇತಿ ಮುಗಿಯುವಷ್ಟರಲ್ಲಿ ಯಂತ್ರವಿಲ್ಲದೆಯೇ ಎಲುಬು ಕಾಣುವಂತಾಗಬೇಡ. ಇಲ್ಲಿ ಕೂಸು ಗುಂಡುಗುಂಡಗೆ ಇದ್ದಾಳೆ. ನನ್ನ ಮಂಡಿ ಎಂದಿನಂತೆ.

"ಎಲ್ರೂ ನೋಡಿದ್ರಿ, ಹೆತ್ತವಳು ನಾನೊಬ್ಳೇ ನೋಡ್ಲಿಲ್ಲ" ಎಂದೆಯಲ್ಲ, ಆ ಮಾತು ಕಿವಿಯಲ್ಲೇ ಕೂತಿದೆ. ಭಾನುವಾರ ತಮ್ಮ ಮನೆಯಲ್ಲಿ ಕೂಸು ಮೊದಲ ಹೆಜ್ಜೆ ಇಟ್ಟಳೆಂದು ನಿನ್ನ ಅತ್ತೆ, ಶುಕ್ರವಾರವೇ ನನ್ನ ಕೋಣೆಯಲ್ಲಿ ಇಟ್ಟಾಗಿತ್ತೆಂದು ನಾನು. ಈ ಜಗಳ ನಿನ್ನವರೆಗೆ ಬರಬಾರದಿತ್ತು. ಆದರೆ ಕೇಳು, ವಿಮಾನದ ವಿಷಯದಲ್ಲೂ ಇದೇ ರಾಮಾಯಣ, ನೂರು ವರ್ಷವಾದರೂ ಮುಗಿದಿಲ್ಲ. ಸೈಕಲ್ ಅಂಗಡಿಯ ಅಣ್ಣತಮ್ಮಂದಿರು ಮೊದಲು ಹಾರಿದರು ಎಂದು ನಾವೆಲ್ಲ ಓದಿದ್ದು. ಅವರ ಯಂತ್ರ ಹಳಿಯ ಮೇಲೆ ಜಾರಿ, ಎದುರುಗಾಳಿಯ ನೆರವಿನಿಂದ ಎದ್ದಿತು, ನೋಡಿದವರು ಬೆರಳೆಣಿಕೆಯ ಮಂದಿ, ಅದೆಂಥ ಹಾರಾಟ ಎನ್ನುವವರೂ ಇದ್ದಾರೆ. ಮೂರು ವರ್ಷದ ಮೇಲೆ ಇನ್ನೊಬ್ಬ ಸ್ವಂತ ಚಕ್ರದ ಮೇಲೆ ಓಡಿಸಿ, ಊರೆಲ್ಲ ನೋಡುತ್ತಿರುವಾಗಲೇ ಎಬ್ಬಿಸಿದ, ಅವನೇ ಮೊದಲಿಗ ಎಂಬುದು ಆ ಪಕ್ಷ. ಇವರೆಲ್ಲರಿಗಿಂತ ಮುಂಚೆ ಹಾರಿದ್ದೆ ಎಂದವನೊಬ್ಬ, ಪತ್ರಿಕೆಯಲ್ಲೂ ಬಂದಿತ್ತಂತೆ, ಆದರೆ ನಂಬುವಂಥ ಒಂದು ಫೋಟೊ ಇಲ್ಲ. ಹಾರಾಟ ಎನ್ನಿಸಿಕೊಳ್ಳಲು ಪವರ್ಡ್ ಆಗಿರಬೇಕು, ಸಸ್ಟೇನ್ಡ್ ಆಗಿರಬೇಕು, ಕಂಟ್ರೋಲ್ಡ್ ಆಗಿರಬೇಕು, ಎಂದರೆ ಸ್ವಂತ ಬಲದಿಂದ ಏಳಬೇಕು, ಎದ್ದದ್ದು ಸಾಗುತ್ತಿರಬೇಕು, ಹಿಡಿತದಲ್ಲಿರಬೇಕು. ನಾಲ್ಕನೆಯದೂ ಒಂದಿತ್ತು, ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ, ಈಗ ಹಾಳಾದ್ದು ನಾಲಿಗೆ ತುದಿಗೆ ಬಂದು ನಿಂತಿದೆ. ನಿನ್ನ ಅಮ್ಮ ಇದ್ದಿದ್ದರೆ, "ನಿಮ್ಮ ಇಂಗ್ಲಿಷ್ ಆಮೇಲಾಗ್ಲಿ, ಮಗು ಒದ್ದೆ ಮಾಡ್ಕೊಂಡಿದೆ ನೋಡಿ" ಎನ್ನುತ್ತಿದ್ದಳು.

ಈ ನಿಯಮವನ್ನೇ ನಿನ್ನ ಅತ್ತೆಯ ಮುಂದಿಟ್ಟೆ. ಅವರು ಕೂಸಿನ ಅಂಗಿಯ ಹಿಂಬದಿ ಹಿಡಿದುಕೊಂಡು ನಡೆಸಿದ್ದು, ಹೊಲಿಗೆಯವರಲ್ಲವೇ, ಬಟ್ಟೆ ಬಿಡುವ ಪೈಕಿಯಲ್ಲ. ಹಾಗಾಗಿ ಅದು ಹಳಿಯ ಮೇಲಿನ ಹಾರಾಟ ಎಂದೆ. ಅವರು ಸುಮ್ಮನಿರುತ್ತಾರೆಯೇ? "ನಿಮ್ಮ ಕೋಣೆ ನೆಲ ಬಚ್ಚಲ ಕಡೆ ಇಳಿಜಾರು ಬೀಗರೇ, ಗೋಲಿ ಬಿಟ್ರೂ ನಡೆಯುತ್ತೆ" ಎಂದರು. ನಾನು ಗೋಲಿ ಬಿಟ್ಟೂ ನೋಡಿದೆ. ಓಡಿತು. ನಮ್ಮ ಬೀದಿಯ ಕ್ಷೌರದಂಗಡಿಯವನನ್ನು ನ್ಯಾಯ ಕೇಳಿದರೆ, ಕತ್ತರಿ ಮೇಲೆತ್ತಿ, "ಹೊರಡೋದಿರ್ಲಿ ಯಜಮಾನ್ರೇ, ನಿಲ್ಲೋಕೆ ಬರುತ್ತಾ ಅವಳಿಗೆ?" ಎಂದ. ಬರುವುದಿಲ್ಲ. ಗೋಡೆ ಸಿಕ್ಕರೆ ಗೋಡೆ, ಇಲ್ಲವಾದರೆ ಕುಂಡೆ. ಹೀಗಾಗಿ ಶುಕ್ರವಾರವೂ ಇಲ್ಲ, ಭಾನುವಾರವೂ ಇಲ್ಲ, ಎರಡೂ ಅಸಿಂಧು ಎಂದು ನಾವಿಬ್ಬರೂ ಒಪ್ಪಿದ್ದೇವೆ. ನೀನು ಇನ್ನೂ ಏನನ್ನೂ ಕಳೆದುಕೊಂಡಿಲ್ಲ, ಮಗಳೇ. ಇದನ್ನು ಹೇಳುವುದಕ್ಕೇ ಇಷ್ಟು ಸುತ್ತಿ ಬಳಸಿ...

ಅಯ್ಯೋ, ಕಿಟಕಿಯ ಬೆಳಕು ಹೋಗುತ್ತಿದೆ, ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಹೊಟ್ಟೆ ತುಂಬ ತಿನ್ನು, ನಿನಗೆ ಒಳ್ಳೆಯದೇ ಆಗಲಿ.

ನಿನ್ನ ಅಪ್ಪ

ಕೊನೆಗೆ ಇನ್ನೊಂದು ಮಾತು: ಲಕೋಟೆ ತರಲು ಎದ್ದೆ. ಕೂಸು ಕೋಣೆಯ ನಡುವೆ ಏನನ್ನೂ ಹಿಡಿಯದೆ ತಾನೇ ಎದ್ದು ನಿಂತಳು, ಇಳಿಜಾರಿಗೆ ಬೆನ್ನು ಮಾಡಿ. ಅವಳನ್ನು ಕರೆದೊಯ್ಯಲು ಬಂದಿದ್ದ ನಿನ್ನ ಅತ್ತೆ ಬಾಗಿಲಲ್ಲಿದ್ದರು. "ನೋಡ್ಬೇಡಿ ಬೀಗರೇ!" ಎಂದು ಕೂಗಿ ತಾವೇ ಗೋಡೆಗೆ ಮುಖ ಮಾಡಿದರು. ನಾನು ಕಿಟಕಿಗೆ. ಪಾದದ ಸದ್ದು ಕೇಳಿಸಿತು, ನಿಂತಿತು, ಮತ್ತೆ ಕೇಳಿಸಿತು. ಕಂಡವರು ಯಾರೂ ಇಲ್ಲ. ತರಬೇತಿ ಮುಗಿಯಲೆಂದು ಕಾಯಬೇಡ, ಶನಿವಾರವೇ ರಜೆ ಕೇಳಿ ಬಾ. ನಾವಿಬ್ಬರೂ ವಯಸ್ಸಾದವರು, ಎಷ್ಟು ದಿನವೆಂದು ಗೋಡೆ ನೋಡುತ್ತ ಮಗು ಸಾಕುವುದು?