ಕೆಳಗಿಡಲಾಗದ ಕೋಡು

ಸಲ್ವಾ, ಕುವೈತ್

ಪ್ರೀತಿಯ ಸೈದು ಭಾವನಿಗೆ,

ಅಸ್ಸಲಾಮು ಅಲೈಕುಂ. ನಾನು ಕೆಲಸಕ್ಕಿರುವ ಮನೆಯ ಯಜಮಾನರ, ಅಂದರೆ ನಮ್ಮ ಅರಬಾಬ್‌ನ, ಕೋಡಿಗೆ ಮರದ ಸ್ಟ್ಯಾಂಡ್ ಬೇಕೆಂದು ಹೇಳಿದ್ದೆನಲ್ಲ, ಇನ್ನೂ ಶುರು ಮಾಡಿರದಿದ್ದರೆ ಮಾಡಬೇಡಿ. ನಮ್ಮ ಭಾವನಂಥ ಬಡಗಿ ಇಲ್ಲ ಎಂದು ಅವರೆದುರು ಜಂಬ ಕೊಚ್ಚಿದವನು ನಾನೇ. ಫೋನಿನಲ್ಲಿ ಹೇಳಿದರೆ ನಗುತ್ತೀರೆಂದು ಬರೆಯುತ್ತಿದ್ದೇನೆ.

ಅದು ಅವರು ಪ್ರವಾಸ ಹೋದಾಗ ತಂದ ಹೋರಿಯ ಕೋಡು, ಬಾಯಿಗೆ ಬೆಳ್ಳಿ ಕಟ್ಟಿದ್ದಾರೆ. ಜಾರ್ಜಿಯಾ ದೇಶದ ಔತಣಗಳಲ್ಲಿ ಅದರಲ್ಲೇ ವೈನ್ ಕುಡಿಯುತ್ತಾರಂತೆ. ತಳವಿಲ್ಲದ್ದರಿಂದ ತುಂಬಿದ ಕೋಡನ್ನು ಕೆಳಗಿಡಲಾಗದು. ಕುಡಿದು ಮುಗಿಸಬೇಕು, ಇಲ್ಲವೇ ಪಕ್ಕದವರ ಕೈಗೆ ಕೊಡಬೇಕು.

ಹೆಂಡತಿ ತೀರಿಕೊಂಡ ಮೇಲೆ ಅರಬಾಬ್‌ನ ದಿವಾನಿಯಾಕ್ಕೆ, ಅದೇ ಹೊರಗಿನ ಬೈಠಕ್ ಕೋಣೆಗೆ, ಅತಿಥಿಗಳು ಬರುವುದು ನಿಂತಿದೆ. ಕೆಲವು ವಾರಗಳ ಹಿಂದೆ ಅವರು ಕೋಡಿಗೆ ಮಜ್ಜಿಗೆ ತುಂಬಿ ಅರ್ಧ ಕುಡಿದರು. ಇಡಲು ಜಾಗ ಕಾಣದೆ ಸುತ್ತ ನೋಡಿದರು. ಆಮೇಲೆ ನನ್ನತ್ತ ಚಾಚಿ, "ಯಲ್ಲಾ ತಾಹಿರ್, ಖಲಾಸ್ ಕರೋ" ಎಂದರು.

ಅಡುಗೆಮನೆಯಲ್ಲಿ ಒಬ್ಬನೇ ಉಣ್ಣುವ ನನಗೆ, ಈ ದೇಶಕ್ಕೆ ಬಂದ ಮೇಲೆ ಒಬ್ಬರು ನನ್ನೊಂದಿಗೆ ಹಂಚಿಕೊಂಡು ಕುಡಿದದ್ದು ಅದೇ ಮೊದಲು. ಮಜ್ಜಿಗೆ ಹುಳಿಯಾಗಿತ್ತು. ಈಗ ದಿನಾ ಇಳಿಹೊತ್ತಿನ ಅಸರ್ ನಮಾಜಿನ ನಂತರ ಕರೆಯುತ್ತಾರೆ.

ಸ್ಟ್ಯಾಂಡ್ ಆಗಿಬಿಟ್ಟಿದ್ದರೆ ನಿಮ್ಮಲ್ಲೇ ಇರಲಿ. ಅರಬಾಬ್ ಕೇಳಿದರೆ ಒಳ್ಳೆಯ ಮರ ಸಿಗಲಿಲ್ಲ ಎನ್ನುತ್ತೇನೆ.

ಅವರೂ ಈಗೀಗ ಕೇಳುತ್ತಿಲ್ಲ.

ಅಕ್ಕನಿಗೆ ಸಲಾಂ ಹೇಳಿ.

ನಿಮ್ಮ
ತಾಹಿರ್