ನೆಂಟರು ಏಳದ ಚಹಾ

ಲೇ ಮಧುಕೇಶ್ವರಾ,

ನೀನು ತೀರಿಕೊಂಡ ಮೇಲಿನ ಶಿವಗಣಾರಾಧನೆ ನಿನ್ನೆ ಆಯಿತು. ಶಿರಸಿಯ ನಿನ್ನ ಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಯಲ್ಲಾಪುರದ ಲಾರಿ ಡ್ರೈವರು, ಸಿದ್ದಾಪುರದ ಟೇಲರು, ಎಲ್ಲರೂ "ನನಗ ಭಾಳ ಬೇಕಾದವ್ರು" ಅಂತ ಕಣ್ಣು ಒರೆಸಿಕೊಳ್ಳೋರೇ. ಬನವಾಸಿ ಶಾಲೆಯಲ್ಲಿ ನಿನ್ನ ಜೊತೆ ಒಂದೇ ಮಣೆ ಮೇಲೆ ಕೂತವನು ನಾನು, ಅವರಿಗೇನು ಗೊತ್ತು?

ಊಟವಾದ ಮೇಲೆ ನನ್ನ ತಂಗಿ ಮಗ ಆನಂದ ಕೆಣಕಿದ. "ಮಾವ, ಆ ಚಹಾಪುಡಿ ಜಾಹೀರಾತು ನಿಮ್ದಂತಲ್ರಿ?"

ಮುಂಬೈಯ ಜಾಹೀರಾತು ಕಂಪನಿಯಲ್ಲಿದ್ದಾಗ ನೀನು ಬರೆದದ್ದು, "ಈ ಚಹಾ ಕೊಟ್ಟರೆ ನೆಂಟರು ಏಳೋದಿಲ್ಲ" ಅಂತ. ನಲವತ್ತು ವರ್ಷ ಅದು ನನ್ನದೇ ಅಂತ ಕೊಚ್ಚಿಕೊಂಡೆ. ನಿನ್ನ ಎದುರಿಗೇ ಕೊಚ್ಚಿಕೊಂಡರೂ ನೀನು "ಹೌದು, ಉಳವಪ್ಪ ಹೇಳಿದ, ನಾ ಬರಕೊಂಡೆ" ಅನ್ನುತ್ತಿದ್ದೆ.

ನಿನ್ನೆ ಎದ್ದು ನಿಂತು, "ಅದು ಅವನದೇ. ನಾ ಹೇಳಿದ್ದು ಸುಳ್ಳು" ಅಂದುಬಿಟ್ಟೆ. ಎಲ್ಲರೂ ನಕ್ಕರು. ನಿನ್ನ ಹೆಂಡತಿ ಮಹೇಶ್ವರಿ ನಗಲಿಲ್ಲ.

"ಹಂಗ್ಯಾಕ ಹೇಳ್ತೀರಿ ಅಣ್ಣಾರ? ಅದು ನಿಮ್ದ ಅಂತ ಅವರು ನನಗೂ ಹೇಳ್ಯಾರ. ಆಸ್ಪತ್ರಿ ನರ್ಸಿಗೂ ಹೇಳಿದ್ರು. ಕಡೀ ವಾರ ದಿನಾ, 'ಇವತ್ತು ಉಳವಪ್ಪ ಬರ್ತಾನ, ಚಹಾ ತರಸು' ಅಂತಿದ್ರು."

ನಾಳೆ ಹೋದರಾಯಿತು ಅಂತ ನಾನು ದಿನಾ ಮುಂದೂಡಿದ್ದು ಅದೇ ವಾರ.

ನಾನು ಮತ್ತೆ ಕೂತೆ. ಅವಳು ಚಹಾ ತಂದಿಟ್ಟಳು. ಡ್ರೈವರು ಹೋದ, ಟೇಲರು ಹೋದ, ಆನಂದ ಎರಡು ಸಲ ಕರೆದು ತಾನೂ ಹೋದ. ದೀಪ ಹಚ್ಚುವ ಹೊತ್ತಾದರೂ ನಾನು ಏಳಲಿಲ್ಲ.

ನಿನ್ನ ಉಳವಪ್ಪ