ಅಕ್ಕ ಬಿಡಿಸದ ಪ್ರಶ್ನೆ

ಕುಮ್‌ಸುನ್ ಅಕ್ಕಾ,

ಸತ್ತ ಮೇಲಾದರೂ ನೀನು ಸುಮ್ಮನಿರುತ್ತೀಯ ಅಂದುಕೊಂಡಿದ್ದೆ. ಸಂಜೆ ಒಣಮೀನಿನ ಅಂಗಡಿ ಮುಚ್ಚಿ ಬಂದು ಇಂಗ್ಲಿಷ್ ವ್ಯಾಕರಣದ ಪುಸ್ತಕ ತೆರೆದರೆ ಸಾಕು, ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ನೀನು ಕೂರುತ್ತಿದ್ದ ಮೂಲೆಯಿಂದ ಗಂಟಲು ಸರಿಮಾಡಿಕೊಳ್ಳುವ ಸದ್ದು. ನಮ್ಮೂರು ಗುನ್ಸಾನ್ ಬಂದರಿನ ಗಾಳಿ ಎಂದು ಮೊದಮೊದಲು ಸಮಾಧಾನ ಮಾಡಿಕೊಂಡೆ. ಗಾಳಿ ಉತ್ತರ ಹೇಳುತ್ತದೆಯೇ? ನೀನು ಹೇಳುತ್ತೀಯ, ಅದೂ ತಪ್ಪು ಉತ್ತರ.

ಮುದುಕಿಯರ ಶಾಲೆಗೆ ನನ್ನನ್ನು ಎಳೆದುಕೊಂಡು ಹೋದವಳೇ ನೀನು. ಕೂಸಾಗಿದ್ದಾಗ ಆಸ್ಟ್ರೇಲಿಯಾದವರಿಗೆ ದತ್ತು ಕೊಟ್ಟ ಮಗಳು ಯೊನ್‌ಹಿ ನಿನ್ನನ್ನು ಹುಡುಕಿಕೊಂಡು ಬರುವವಳಿದ್ದಳು. ಅವಳಿಗೆ ನಮ್ಮ ಮಾತು ಬಾರದು. "ನನ್ ಮಗಳ ಹತ್ರ ಮಾತಾಡೋಕೆ ನಡುವೆ ಇನ್ನೊಬ್ರು ಯಾಕೆ ಬೇಕು?" ಅಂದೆ ನೀನು. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಪ್ರತಿ ವಾಕ್ಯಕ್ಕೂ ಎರಡು ಪದ ಕೊಟ್ಟಿರುತ್ತಿದ್ದರು, ಒಂದನ್ನು ಆರಿಸಬೇಕು. ಈಸ್ ಅನ್ನಬೇಕೋ ಆರ್ ಅನ್ನಬೇಕೋ, ಗೋ ಅನ್ನಬೇಕೋ ಗೋಸ್ ಅನ್ನಬೇಕೋ. ನೀನು ಎರಡನ್ನೂ ಬಾಯಲ್ಲಿ ಹೊರಳಿಸಿ, ಹಲ್ಲಿಲ್ಲದ ಬಾಯಿಗೆ ಸಲೀಸಾದದ್ದಕ್ಕೆ ಗುರುತು ಹಾಕುತ್ತಿದ್ದೆ.

"ಹಲ್ಲು ಕಟ್ಟಿಸ್ಕೊಂಡ್ರೆ ಪಾಸಾಗ್ತೀಯ ಅಕ್ಕ."

"ನೀನು ಮೊದ್ಲು ಮೀನಿಗೆ ಉಪ್ಪು ಹಚ್ಚೋದು ಕಲಿಯೇ."

ಪುಸ್ತಕದಲ್ಲಿದ್ದ ಟಾಮ್, ಜೇನ್ ನಿನಗೆ ಆಗಿಬರಲಿಲ್ಲ. ಅವರ ಹೆಸರಿದ್ದಲ್ಲೆಲ್ಲ ಯೊನ್‌ಹಿಯನ್ನು ತಂದು ಕೂರಿಸಿದೆ. ಯೊನ್‌ಹಿ ಶಾಲೆಗೆ ಹೋಗುತ್ತಾಳೆ. ಯೊನ್‌ಹಿಗೆ ಒಂದು ನಾಯಿಮರಿ ಇದೆ. ಯೊನ್‌ಹಿ ಹಾಲು ಕುಡಿಯುವುದಿಲ್ಲ. ನೀನು ಕಾಣದ ಅವಳ ಬಾಲ್ಯವೆಲ್ಲ ಪಾಠಪಾಠವಾಗಿ ಈ ಕೋಣೆಯಲ್ಲೇ ಕಳೆಯಿತು. ಈಗ ನಿನ್ನ ಹಿಂದೆಯೇ ಒಂದು ಪುಟ್ಟ ಹುಡುಗಿಯ ಹೆಜ್ಜೆಯೂ ನನಗೆ ಕೇಳಿಸುತ್ತದೆ. ಭಯವಾಗುತ್ತದೆ ಅಕ್ಕ. ನೀನೇನೋ ಸತ್ತವಳು, ಬದುಕಿರುವ ಅವಳು ಯಾಕೆ ಹೀಗೆ ಕಾಡಬೇಕು?

ಒಂದೇ ಒಂದು ದಿನ ನಾನು ಬಾಯಿಬಿಟ್ಟು ಕೇಳಿದೆ. "ಯಾಕಮ್ಮ ನನ್ನ ಕೊಟ್ಬಿಟ್ಟೆ ಅಂತ ಅವಳು ಕೇಳಿದ್ರೆ ಏನ್ ಹೇಳ್ತೀಯ?" ನೀನು ಪುಸ್ತಕ ಮುಚ್ಚಿ ಪೇರ್ ಹಣ್ಣಿನ ಸಿಪ್ಪೆ ತೆಗೆಯತೊಡಗಿದೆ. ಹಣ್ಣು ಪೂರ್ತಿ ಬೆತ್ತಲಾದ ಮೇಲೆ, "ಅದು ಈ ಪುಸ್ತಕದಲ್ಲಿಲ್ಲ ಕಣೇ" ಅಂದೆ. ಮುಂದಿನ ವಾರವೇ ಹೊರಟುಹೋದೆ.

ನಾಳೆ ಅವಳು ಬರುತ್ತಾಳೆ. ನೀನಿಲ್ಲವೆಂದು ತಿಳಿದೂ ಬರುತ್ತಿದ್ದಾಳೆ. ಕೇಳಲಿಕ್ಕೆ ಈ ಊರಲ್ಲಿ ಉಳಿದಿರುವವಳು ನಾನೊಬ್ಬಳೇ. ಬಡತನ ಎಂದು ಹೇಳಬಲ್ಲೆ, ನಿನ್ನ ಅತ್ತೆಯ ಹಟ ಎಂದು ಹೇಳಬಲ್ಲೆ, ನಿನ್ನ ದಯದಿಂದ ಇಂಗ್ಲಿಷಿನಲ್ಲೇ ಹೇಳಬಲ್ಲೆ. ಆದರೆ ಅವೆಲ್ಲ ನನ್ನ ಊಹೆ. ಅಷ್ಟು ದೂರದಿಂದ ಅವಳು ನನ್ನ ಊಹೆ ಕೇಳಲು ಬರುತ್ತಿಲ್ಲ.

ಇವತ್ತು ಸಂಜೆ ತಪ್ಪದೆ ಬಾ ಅಕ್ಕ. ಪಾಠ ಬೇಡ. ನಮ್ಮ ಮಾತಿನಲ್ಲೇ ಹೇಳು, ಅತ್ತುಕೊಂಡೇ ಹೇಳು, ನಾನು ಅವಳಿಗೆ ಮುಟ್ಟಿಸುತ್ತೇನೆ. ಆಮೇಲೆ ಈ ಮನೆಗೆ ಬರಬೇಡ. ಅವಳು ಹೊರಡುವಾಗ ನೀನೂ ಜೊತೆಗೆ ಹೊರಟುಬಿಡು. ಈ ಸಲವಾದರೂ ಮಗುವನ್ನು ಒಂಟಿಯಾಗಿ ಕಳಿಸಬೇಡ.

ನಿಮ್ಮಿಬ್ಬರ ದಾರಿಯೂ ಸುಖವಾಗಿರಲಿ ಎಂದು ಬೇಡುವ,
ನಿನ್ನ ತಂಗಿ ಮಲ್‌ಸುನ್